ಅಜ್ಜಿಯ ಅಡುಗೆಮನೆಗೆ ಯಾವ ಲೆನ್ಸು?

ದಸರಾ ಹತ್ತಿರ ಬಂತು ಅಂದರೆ ನನ್ನ ವಾಟ್ಸಾಪಿಗೆ ಎರಡು ಥರದ ಮೆಸೇಜು ಬರೋಕೆ ಶುರುವಾಗುತ್ತೆ. ಒಂದು, ‘ಊರಿಗೆ ಬಸ್ ಬುಕ್ ಮಾಡಿದ್ಯಾ?’ ಇನ್ನೊಂದು, ‘ಗುರು, ಸೇಲ್ ಶುರುವಾಗಿದೆ, ಯಾವ ಲೆನ್ಸ್ ತಗೊಳ್ಲಿ?’ ಹೋದ ಸಲ ಈ ಅಂಕಣದಲ್ಲಿ ಟ್ರೈಪಾಡ್ ಬಗ್ಗೆ ಬರೆದ ಮೇಲಂತೂ ಎರಡನೆಯದ್ದೇ ಜಾಸ್ತಿ. ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಇದೆ. ಕೈಗೆ ಒಂದಿಷ್ಟು ಬೋನಸ್ ಬಂದಿದೆ. ರಾತ್ರಿಯೆಲ್ಲಾ ವಿಡಿಯೊ ನೋಡಿ ತಲೆ ಕೆಟ್ಟಿದೆ. ಒಬ್ಬ ‘ಪ್ರೈಮ್ ತಗೊ, ಬ್ಯಾಕ್‌ಗ್ರೌಂಡ್ ಬೆಣ್ಣೆ ಥರ ಕರಗುತ್ತೆ’ ಅಂತಾನೆ. ಇನ್ನೊಬ್ಬ ‘ಒಳ್ಳೆ ಝೂಮ್ ಒಂದಿದ್ದರೆ ಮತ್ತೇನೂ ಬೇಡ’ ಅಂತಾನೆ.

ನಾನು ತಿರುಗಿ ಕೇಳೋದು ಇಷ್ಟೇ: ಯಾರ ಫೋಟೊ ತೆಗೀಬೇಕು? ಆಗ ನೀವು ಎಲ್ಲಿ ನಿಂತಿರ್ತೀರಿ? ಇದಕ್ಕೆ ಉತ್ತರ ಸಿಕ್ಕರೆ ಲೆನ್ಸ್ ತಾನಾಗೇ ಆಯ್ಕೆಯಾಗುತ್ತೆ. ಉತ್ತರ ಸಿಗದಿದ್ದರೆ ಆ ದುಡ್ಡಲ್ಲಿ ಒಂದು ಟ್ರಿಪ್ ಹೋಗಿ ಬನ್ನಿ, ಫೋಟೊ ತೆಗೆಯೋಕೆ ಏನಾದರೂ ಸಿಗಬಹುದು.

ಹೊಸಬರಿಗಾಗಿ ಎರಡು ಮಾತು. ಪ್ರೈಮ್ ಅಂದರೆ ಒಂದೇ ಫೋಕಲ್ ಲೆಂಗ್ತ್ ಇರುವ ಲೆನ್ಸ್. 35 ಅಂದರೆ 35, 50 ಅಂದರೆ 50. ಹತ್ತಿರ ಬೇಕಿದ್ದರೆ ನೀವೇ ನಡೆದು ಹೋಗಬೇಕು. ಝೂಮ್‌ನಲ್ಲಿ ನಿಂತ ಜಾಗದಿಂದಲೇ ರಿಂಗ್ ತಿರುಗಿಸಿದರೆ ಸಾಕು. ಪ್ರೈಮ್ ನಿಮಗೆ ಗೊತ್ತಿಲ್ಲದ ವಸ್ತುವೇನಲ್ಲ. ನಿಮ್ಮ ಫೋನಿನ ಹಿಂದೆ ಎರಡೋ ಮೂರೋ ಕಣ್ಣು ಇವೆಯಲ್ಲ, ಸಾಮಾನ್ಯವಾಗಿ ಅವು ಒಂದೊಂದೂ ಒಂದು ಪುಟ್ಟ ಪ್ರೈಮ್. ನಡುವೆ ಎರಡು ಬೆರಳಲ್ಲಿ ಎಳೆದು ‘ಝೂಮ್’ ಮಾಡ್ತೀರಲ್ಲ, ಅದು ಬಹುಪಾಲು ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುವ ಕೆಲಸ ಅಷ್ಟೇ.

ಜಗಳ ಇರೋದು ಬೆಳಕಿನ ವಿಷಯದಲ್ಲಿ. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಒಂದು ಭಾಗಾಕಾರ. ಫೋಕಲ್ ಲೆಂಗ್ತನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸಿಗುತ್ತೆ. 35ನ್ನು 1.8ರಿಂದ ಭಾಗಿಸಿ, ಸುಮಾರು 19 ಮಿಲಿಮೀಟರ್. ಅದೇ 35ರಲ್ಲಿ ನಿಮ್ಮ 18-55 ಲೆನ್ಸ್ ಸುಮಾರು ಎಫ್ 4.5ರವರೆಗೆ ಮಾತ್ರ ತೆರೆಯುತ್ತೆ. ಅಂದರೆ ಸುಮಾರು 8 ಮಿಲಿಮೀಟರ್. ಒಂದು ಕಡೆ ಹೆಚ್ಚುಕಡಿಮೆ ರೂಪಾಯಿ ನಾಣ್ಯದಷ್ಟು ಕಿಂಡಿ, ಇನ್ನೊಂದು ಕಡೆ ಕಡಲೆಕಾಳಿನಷ್ಟು. ಬೆಳಕು ಕಿಂಡಿಯ ವಿಸ್ತೀರ್ಣದ ಲೆಕ್ಕದಲ್ಲಿ ಬರುವುದರಿಂದ ವ್ಯತ್ಯಾಸ ಆರು ಪಟ್ಟು. 55ರ ತುದಿಗೆ ಹೋದರೆ ಎಫ್ 5.6, ಅಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು.

ಈ ಆರು ಪಟ್ಟು ನನಗೆ ಯಾಕೆ ಮುಖ್ಯವಾಯ್ತು ಅಂತ ಹೇಳ್ತೀನಿ.

ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜಿ ಮನೆ. ಹೆಂಚಿನ ಮನೆ, ಮಣ್ಣಿನ ಗೋಡೆ. ಎರಡು ವರ್ಷದ ಹಿಂದೆ ಮಾವಂದಿರೆಲ್ಲ ಕೂತು ತೀರ್ಮಾನ ಮಾಡಿದರು, ದೀಪಾವಳಿ ಕಳೆದ ಮೇಲೆ ಹಳೇ ಮನೆ ಬಿಚ್ಚೋದು, ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟೋದು ಅಂತ. ಯಾರನ್ನೂ ದೂರುವ ಹಾಗಿಲ್ಲ. ಮಳೆಗಾಲದಲ್ಲಿ ಆ ಮನೆಯ ಸೋರುವ ಜಾಗಗಳಿಗೆ ಪಾತ್ರೆ ಇಟ್ಟು ಇಟ್ಟು ಅತ್ತೆಗೆ ಸಾಕಾಗಿತ್ತು. ಅಜ್ಜಿಗೆ ಆಗ ಎಂಬತ್ತನಾಲ್ಕು. ಆ ಅಡುಗೆಮನೆಯಲ್ಲಿ ಅರವತ್ತು ವರ್ಷ ಕಡುಬು ಕಟ್ಟಿದವರು. ಅದು ಕಡೆಯ ಹಬ್ಬ. ನನಗೆ ಬೇಕಾಗಿದ್ದು ಅಜ್ಜಿ ಆ ಒಲೆ ಮುಂದೆ ಇರುವ ಒಂದಷ್ಟು ಫೋಟೊ. ಇನ್ನೊಂದು ಸಲ ಹೋಗಿ ತೆಗೀತೀನಿ ಅನ್ನೋ ಹಾಗಿರಲಿಲ್ಲ.

ಆ ಅಡುಗೆಮನೆ ನೋಡಿದವರಿಗೆ ಗೊತ್ತು. ಹೊಗೆ ಹಿಡಿದ ಕಪ್ಪು ಗೋಡೆ, ಮೇಲೆ ಒಂದು ಗಾಜಿನ ಹೆಂಚು, ಮೂಲೆಯಲ್ಲಿ ಒಂದು ಬಲ್ಬು. ಬೆಳಗಿನ ಜಾವ ಗಾಜಿನ ಹೆಂಚಿನಿಂದಲೂ ಏನೂ ಬರಲ್ಲ. ಫ್ಲಾಶ್ ಹಾಕಿದರೆ ಅಜ್ಜಿ ಬೈತಿದ್ದರು: ‘ಎಂಥದ ಮಾರಾಯ ಅದು, ಮಿಂಚು ಹೊಡ್ದಂಗೆ! ಕಣ್ಣೇ ಕಾಣಲ್ಲ ಆಮೇಲೆ.’ ಫ್ಲಾಶ್ ಹಾಕಿದರೆ ಗೋಡೆಯ ಕಪ್ಪು, ಒಲೆಯ ಕೆಂಪು ಎರಡೂ ಸತ್ತು ಹೋಗುತ್ತವೆ, ಅದು ಬೇರೆ ಮಾತು.

ಹಬ್ಬಕ್ಕೆ ಒಂದು ತಿಂಗಳ ಮುಂಚೆ, ಮಹಾಲಯಕ್ಕೆ ಹೋದಾಗಲೇ ನನ್ನ ನಿಕಾನ್ ಹಿಡಿದು ಅಳತೆ ತಗೊಂಡು ಬಂದಿದ್ದೆ. 35ರಲ್ಲಿ, ಐಎಸ್‌ಒ 3200ರಲ್ಲಿ, 18-55 ಲೆನ್ಸ್ ಕೊಡ್ತಿದ್ದ ಶಟರ್ ವೇಗ ಸೆಕೆಂಡಿನ 25ನೇ ಒಂದು ಭಾಗ. ಸುಮ್ಮನೆ ಕೂತವರಿಗೆ ಅದು ಸಾಕು. ಅಜ್ಜಿ ಕೂರಬೇಕಲ್ಲ! ಹಿಟ್ಟು ಮುರೀತಾರೆ, ಉಂಡೆ ಕಟ್ತಾರೆ, ಒಲೆಗೆ ಸೌದೆ ನೂಕ್ತಾರೆ, ನಡುವೆ ಬೆಕ್ಕನ್ನು ಓಡಿಸ್ತಾರೆ. ಕೈ ಇರುವ ಕಡೆಯೆಲ್ಲ ಬರೀ ಮಂಜು. ಅದೇ ಜಾಗ, ಅದೇ ಐಎಸ್‌ಒ, ಎಫ್ 1.8 ಲೆನ್ಸಿಗೆ 160ನೇ ಒಂದು ಭಾಗ. ಅಜ್ಜಿಯ ಬೆರಳು ನಿಲ್ಲುತ್ತೆ.

ಇಲ್ಲಿ ಅಂಗಡಿಯವರು ಹೇಳುವ ಒಂದು ಮಾತಿನ ಬಗ್ಗೆ ಹುಷಾರು. ‘ಸಾರ್, ಈ ಝೂಮ್‌ನಲ್ಲಿ ಸ್ಟೆಬಿಲೈಸೇಶನ್ ಇದೆ, ಕತ್ತಲಲ್ಲೂ ಆರಾಮ’ ಅಂತಾರೆ. ಸುಳ್ಳಲ್ಲ, ಅರ್ಧ ನಿಜ. ಸ್ಟೆಬಿಲೈಸೇಶನ್ ನಿಲ್ಲಿಸೋದು ನಿಮ್ಮ ಕೈ ನಡುಕವನ್ನು. ಎದುರಿಗೆ ಇರುವವರ ಕೈಯನ್ನಲ್ಲ. ಅಂಬೆಗಾಲಿಡುವ ಮಗುವಿಗೆ, ಬಾಲ ಅಲ್ಲಾಡಿಸುವ ನಾಯಿಗೆ, ನಮ್ಮ ಅಜ್ಜಿಗೆ ಅದು ಲೆಕ್ಕಕ್ಕಿಲ್ಲ.

ನಾನು ತಗೊಂಡಿದ್ದು ನಿಕಾನ್‌ನ 35 ಎಂಎಂ ಎಫ್ 1.8 ಡಿಎಕ್ಸ್ ಲೆನ್ಸ್. 2009ರಲ್ಲಿ ಬಂದ ಹಳೇ ಮಾಡೆಲ್ಲು, 200 ಗ್ರಾಂ ತೂಕ. 50 ಯಾಕೆ ಅಲ್ಲ ಅಂದರೆ, ನನ್ನದು ಸಣ್ಣ ಸೆನ್ಸರಿನ ಕ್ಯಾಮೆರಾ. ಅದರಲ್ಲಿ 50 ಹಾಕಿದರೆ ಫುಲ್ ಫ್ರೇಮಿನ 75ರಷ್ಟು ಹತ್ತಿರ ಎಳೆಯುತ್ತೆ. ಅಡುಗೆಮನೆಯಲ್ಲಿ ಹಿಂದೆ ಸರಿಯೋಕೆ ಹೋದರೆ ಬೆನ್ನಿಗೆ ಹಂಡೆ ತಾಗುತ್ತೆ. 35 ಅಂದರೆ ಸುಮಾರು 52ರಷ್ಟು, ನಮ್ಮ ಮನೆಗಳ ಕೋಣೆಗಳಿಗೆ ಹೊಂದುವ ಅಳತೆ. ನಿಮ್ಮದು ಫುಲ್ ಫ್ರೇಮ್ ಆಗಿದ್ದರೆ 50 ತಗೊಳ್ಳಿ, ಕೆಲಸ ಅದೇ. ‘ಎಲ್ಲರೂ 50 ಅಂತಾರೆ’ ಅಂತ ಸಣ್ಣ ಸೆನ್ಸರಿಗೆ 50 ತಗೊಂಡು, ಡಬಲ್ ಬೆಡ್‌ರೂಮ್ ಫ್ಲಾಟಿನ ಬಾಲ್ಕನಿಯಲ್ಲಿ ನಿಂತು ಹಾಲ್‌ನಲ್ಲಿರುವ ಮಗುವಿನ ಫೋಟೊ ತೆಗೆಯುವವರನ್ನು ನಾನು ಬಲ್ಲೆ.

ಆ ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಅಜ್ಜಿ ಆಗಲೇ ಒಲೆ ಹಚ್ಚಿದ್ದರು. ಪ್ರೈಮ್ ಹಾಕಿದರೆ ದೂರ ನಿಲ್ಲೋಕೆ ಆಗಲ್ಲ. ಒಂದು ಮೀಟರ್ ಹತ್ತಿರ, ಮಣೆ ಹಾಕಿಕೊಂಡು ಕೂತೆ. ಮೊದಲು ಹತ್ತು ನಿಮಿಷ ‘ಏನಾ, ನನ್ ಮುಖದಾಗೆ ಎಂಥ ಐತೆ ನೋಡಕೆ’ ಅಂದರು. ಆಮೇಲೆ ಕ್ಯಾಮೆರಾ ಮರೆತು ಮಾತಿಗೆ ಶುರುವಿಟ್ಟರು. ಆ ಒಲೆ ಹಾಕಿದ್ದು ಯಾರು, ಅಮ್ಮ ಹುಟ್ಟಿದ ವರ್ಷ ಮಳೆ ಹೇಗಿತ್ತು, ಇದನ್ನೆಲ್ಲ ನಾನು ಕೇಳಿದ್ದು ಅವತ್ತೇ. ಬಾಗಿಲ ಹತ್ತಿರ ಝೂಮ್ ಹಿಡಿದು ನಿಂತಿದ್ದರೆ ಈ ಮಾತು ಬರ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತೆ. ಲೆನ್ಸಿನ ವಿವರಪಟ್ಟಿಯಲ್ಲಿ ಇದನ್ನು ಬರೆದಿರಲ್ಲ.

ಆದರೆ ಪ್ರೈಮ್ ಪುಕ್ಕಟೆ ಏನನ್ನೂ ಕೊಡಲ್ಲ. ಎಫ್ 1.8ರಲ್ಲಿ, ಒಂದು ಮೀಟರ್ ದೂರದಿಂದ, ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು ಆರು ಸೆಂಟಿಮೀಟರ್. ಅಜ್ಜಿಯ ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯೋಲೆ ಮಂಜು. ಪಕ್ಕದಲ್ಲಿ ಅಮ್ಮ ಅರ್ಧ ಅಡಿ ಹಿಂದೆ ಕೂತರೆ ಅಮ್ಮನೂ ಮಂಜು. ಇಬ್ಬರೂ ಬೇಕು ಅಂದಾಗ ಎಫ್ 4ಕ್ಕೆ ಇಳಿಸಲೇಬೇಕು, ಹಾಗೆ ಇಳಿಸಿದ ಕೂಡಲೇ ದುಡ್ಡು ಕೊಟ್ಟು ತಂದ ಬೆಳಕೆಲ್ಲ ವಾಪಸ್. ಹಾಗಾಗಿ ಪ್ರೈಮ್ ಒಬ್ಬೊಬ್ಬರ ಲೆನ್ಸ್, ಗುಂಪಿನದಲ್ಲ. 1975ರ ‘ಬ್ಯಾರಿ ಲಿಂಡನ್’ ಸಿನಿಮಾದಲ್ಲಿ ಕುಬ್ರಿಕ್ ಬರೀ ಮೇಣದಬತ್ತಿ ಬೆಳಕಲ್ಲಿ ದೃಶ್ಯ ತೆಗೆದಿದ್ದು ನಾಸಾಗೆಂದು ಮಾಡಿದ್ದ ಝೈಸ್ ಕಂಪನಿಯ 50 ಎಂಎಂ ಎಫ್ 0.7 ಲೆನ್ಸ್‌ನಲ್ಲಿ. ಆ ದೃಶ್ಯಗಳಲ್ಲಿ ಎಲ್ಲರೂ ಹೆಚ್ಚುಕಡಿಮೆ ಕದಲದೆ ಕೂತಿರೋದನ್ನು ಗಮನಿಸಿ. ಸ್ವಲ್ಪ ಮುಂದೆ ಬಾಗಿದರೂ ಫೋಕಸ್ ಹೋಗುವಷ್ಟು ತೆಳು ಪದರ ಅದು.

ಇನ್ನೊಂದು ಸಣ್ಣ ಕಿರಿಕಿರಿ. ಅಗ್ಗದ ಎಲ್‌ಇಡಿ ಬಲ್ಬು, ಹಳೇ ಚೋಕಿನ ಟ್ಯೂಬ್‌ಲೈಟು ನಮ್ಮ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರ್ ತುಂಬಾ ವೇಗ ಮಾಡಿದರೆ ಫೋಟೊದಲ್ಲಿ ಪಟ್ಟೆ ಪಟ್ಟೆ ಬರಬಹುದು, ಇಲ್ಲವೇ ಒಂದು ಫೋಟೊ ಹಳದಿ, ಮುಂದಿನದು ಬಿಳಿ. ಹಾಗಾದರೆ 100ನೇ ಒಂದು ಭಾಗಕ್ಕೆ ಇಳಿಸಿ.

ಇಷ್ಟೆಲ್ಲ ಹೇಳಿದೆ ಅಂತ ನಾನು ಪ್ರೈಮ್ ಪಾರ್ಟಿ ಅಂದುಕೊಳ್ಳಬೇಡಿ. ಅದೇ ಹಬ್ಬದಲ್ಲಿ 18-55 ಕೂಡ ದುಡಿಯಿತು. ಮನೆಯದೇ ಫೋಟೊ ಬೇಕಿತ್ತಲ್ಲ. ಜಗಲಿ, ನಡುಮನೆ, ದೇವರ ಕೋಣೆ, ಅಟ್ಟದ ಏಣಿ, ಖಾಲಿ ಅಡುಗೆಮನೆ. 35ರಲ್ಲಿ ಒಂದು ಗೋಡೆಯೂ ಪೂರ್ತಿ ಹಿಡಿಸಲ್ಲ. 18ಕ್ಕೆ ತಿರುಗಿಸಿ, ಟ್ರೈಪಾಡ್ ಮೇಲೆ ಇಟ್ಟು, ಎಫ್ 8, ಐಎಸ್‌ಒ 100, ನಾಲ್ಕು ಸೆಕೆಂಡು. ಮಸಿ ಹಿಡಿದ ತೊಲೆಯ ಗಂಟುಗಳೂ ಎಣಿಸುವ ಹಾಗೆ ಬಂದಿವೆ. ಮನೆ ಅಲ್ಲಾಡಲ್ಲ, ಅಜ್ಜಿ ಅಲ್ಲಾಡ್ತಾರೆ, ಅಷ್ಟೇ ವ್ಯತ್ಯಾಸ. ಅಲ್ಲಾಡದ ವಸ್ತುವಿಗೆ ದುಬಾರಿ ಕಿಂಡಿ ಬೇಕಿಲ್ಲ. ಹಂಪಿಗೆ ಹೋಗೋಕೆ ಅಂತ ಎಫ್ 1.4 ಲೆನ್ಸ್ ಕೇಳುವವರಿಗೆ ನಾನು ಇದನ್ನೇ ಹೇಳೋದು.

ಈಗ ಮದುವೆ ಮಂಟಪಕ್ಕೆ ಬನ್ನಿ. ‘ಕಾಲೇ ಝೂಮು, ನಡೆದು ಹೋಗಿ ತೆಗಿ’ ಅನ್ನೋ ಪ್ರೈಮ್ ಭಕ್ತರ ಮಾತು ಇಲ್ಲಿ ನಡೆಯಲ್ಲ. ಹೋದ ವರ್ಷ ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮುಂದೆ ದುಡ್ಡು ಕೊಟ್ಟು ಕರೆಸಿದ ಫೋಟೊ-ವಿಡಿಯೊದವರು ಐದು ಜನ. ಎಡಕ್ಕೆ ಹೋಮಕುಂಡ, ಬಲಕ್ಕೆ ಪುರೋಹಿತರು, ಹಿಂದೆ ಅಕ್ಷತೆ ಹಿಡಿದ ಅತ್ತೆಯರ ಗೋಡೆ. ನನಗೆ ಸಿಕ್ಕಿದ್ದು ಕಂಬದ ಪಕ್ಕ ಒಂದೂವರೆ ಅಡಿ ಜಾಗ. ಅಂತರಪಟ ಸರಿಯುವುದು ಒಂದು ಕ್ಷಣ. ಅದಕ್ಕೆ ಮುಂಚೆ ಇಡೀ ಮಂಟಪ ಬೇಕು, ಸರಿದಾಗ ತಂಗಿಯ ಮುಖ ಬೇಕು, ಜೀರಿಗೆ-ಬೆಲ್ಲ ಹಾಕುವಾಗ ಕೈ ಬೇಕು, ತಿರುಗಿ ನೋಡಿದರೆ ಚಿಕ್ಕಪ್ಪ ಕಣ್ಣೊರೆಸಿಕೊಳ್ತಿರ್ತಾರೆ, ಅದೂ ಬೇಕು. ಆ ಹೊತ್ತಲ್ಲಿ ಲೆನ್ಸ್ ಬಿಚ್ಚಿ ಹಾಕೋಕೆ ಇಪ್ಪತ್ತು ಸೆಕೆಂಡು, ಮೇಲಿಂದ ಅಕ್ಷತೆ, ಹೋಮದ ಹೊಗೆ. ಸೆನ್ಸರಿಗೆ ಮಂಗಳಾರತಿ.

ಇಲ್ಲಿ ಝೂಮೇ ಬೇಕು. ಎಫ್ 2.8 ಇರುವ ಝೂಮ್ ಸಿಕ್ಕರೆ ಇನ್ನೂ ಒಳ್ಳೇದು. ಇವತ್ತಿನ ಛತ್ರಗಳಲ್ಲಿ ವಿಡಿಯೊದವರೇ ಬೇಕಾದಷ್ಟು ದೀಪ ಹಾಕಿರ್ತಾರೆ, ಎಫ್ 2.8 ಧಾರಾಳ ಆಯ್ತು. ಸೋನಿ ಥರದ ಮಿರರ್‌ಲೆಸ್ ಇರುವವರಿಗೆ ಸಿಗ್ಮಾದ 18-50 ಎಫ್ 2.8 ಇದೆ, 2021ರಲ್ಲಿ ಬಂದದ್ದು, 300 ಗ್ರಾಂ ಕೂಡ ಇಲ್ಲ. ಟ್ಯಾಮ್ರಾನ್‌ನ 17-70 ಎಫ್ 2.8 ಅರ್ಧ ಕೆಜಿ ದಾಟುತ್ತೆ, ಆದರೆ ಆ ಕೊನೆಯ 20 ಎಂಎಂ ಮದುವೆಯಲ್ಲಿ ಬಂಗಾರ. ಬೆಲೆ ಮಾತ್ರ ಸಣ್ಣ ಪ್ರೈಮಿನ ಮೂರು-ನಾಲ್ಕು ಪಟ್ಟು ಆಗೋದು ಸಾಮಾನ್ಯ. ನಾನು ಮದುವೆಗೆ ಝೂಮ್ ಖರೀದಿ ಮಾಡಲಿಲ್ಲ, ಬಾಡಿಗೆಗೆ ತಂದೆ. ಬೆಂಗಳೂರಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಬಾಡಿಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ವರ್ಷಕ್ಕೆ ಎರಡು ಮದುವೆಗೆ ಅಷ್ಟು ಸಾಕು. ಮನೆಯಾಕೆ ‘ಗೀಸರ್ ರಿಪೇರಿಗೆ ಆಗೋಯ್ತು ಬಿಡು’ ಅಂತ ಉಳಿದ ದುಡ್ಡನ್ನು ಆಗಲೇ ಹಂಚಿಬಿಟ್ಟಿದ್ದಳು.

ಎರಡೂ ಒಂದರಲ್ಲೇ ಸಿಗಲ್ವಾ? ಸಿಗುತ್ತೆ. ಸಿಗ್ಮಾದವರು 2013ರಲ್ಲಿ 18-35 ಎಫ್ 1.8 ಅಂತ ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗೆ ಝೂಮ್ ತಂದರು. ಚಿತ್ರ ಅದ್ಭುತ. ತೂಕ 810 ಗ್ರಾಂ, ಝೂಮ್ ಎರಡು ಪಟ್ಟೂ ಇಲ್ಲ. 2024ರಲ್ಲಿ ಫುಲ್ ಫ್ರೇಮಿಗೆ 28-45 ಎಫ್ 1.8 ಮಾಡಿದರು, ಅದು ಕೆಜಿಯ ಹತ್ತಿರ. ದೊಡ್ಡ ಕಿಂಡಿ, ದೊಡ್ಡ ವ್ಯಾಪ್ತಿ, ಸಣ್ಣ ತೂಕ ಮೂರನ್ನೂ ಒಟ್ಟಿಗೆ ಕೇಳಿದರೆ ಗಾಜು ಒಪ್ಪಲ್ಲ. ನಾವು ಪ್ರಾಜೆಕ್ಟಿನಲ್ಲಿ ಬೇಗ, ಚೆನ್ನಾಗಿ, ಅಗ್ಗವಾಗಿ ಅಂತ ಮೂರನ್ನೂ ಕೇಳುವ ಕ್ಲೈಂಟಿಗೆ ಏನು ಹೇಳ್ತೀವೋ ಅದೇ.

ನಮ್ಮ ಟೀಮಿನ ಹುಡುಗನೊಬ್ಬ ಇದನ್ನೆಲ್ಲ ಡೇಟಾ ನೋಡಿ ತೀರ್ಮಾನ ಮಾಡ್ತೀನಿ ಅಂತ ಹೊರಟ. ಒಳ್ಳೇ ದಾರಿಯೇ. ಪ್ರತಿ ಫೋಟೊ ಒಳಗೂ ಅದನ್ನು ಯಾವ ಫೋಕಲ್ ಲೆಂಗ್ತ್, ಯಾವ ಶಟರಿನಲ್ಲಿ ತೆಗೆದಿದ್ದು ಅನ್ನೋ ಎಕ್ಸಿಫ್ ಮಾಹಿತಿ ಇರುತ್ತೆ. ಎಕ್ಸಿಫ್‌ಟೂಲ್ ಅಂತ ಪುಕ್ಕಟೆ ಪ್ರೋಗ್ರಾಮ್ ಇದೆ, ಲೈಟ್‌ರೂಮ್ ಇದ್ದರೆ ಅದರಲ್ಲೇ ಫಿಲ್ಟರ್ ಇದೆ. ಅವನ ಫೋಟೊಗಳಲ್ಲಿ ಎರಡು ರಾಶಿ ಬಿದ್ದಿತ್ತು, ಒಂದು 18ರಲ್ಲಿ, ಇನ್ನೊಂದು 55ರಲ್ಲಿ. ‘ನೋಡಿ ಸರ್, 55 ಜಾಸ್ತಿ, ನನಗೆ 50 ಪ್ರೈಮ್ ಬೇಕು’ ಅಂದ. ನಾನು ಹಾಗೆ ಓದಲ್ಲ. ತುದಿಯಲ್ಲಿ ರಾಶಿ ಬಿದ್ದಿದೆ ಅಂದರೆ ಅವನ ಕೈ ರಿಂಗನ್ನು ಇನ್ನೂ ತಿರುಗಿಸೋಕೆ ನೋಡಿದೆ, ಲೆನ್ಸ್ ಅಲ್ಲಿಗೆ ನಿಂತಿದೆ ಅಂತ ಅರ್ಥ. ಜೊತೆಗೆ ಇನ್ನೊಂದು ತೊಡಕು: ಮಂಜಾದ ಫೋಟೊಗಳನ್ನೆಲ್ಲ ನಾವು ಆಗಿಂದಾಗ್ಗೆ ಡಿಲೀಟ್ ಮಾಡಿರ್ತೀವಿ. ಬೆಳಕು ಸಾಲದೆ ಕೆಟ್ಟಿದ್ದು ಯಾವುದು ಅಂತ ಹೇಳಬೇಕಾದ ಸಾಕ್ಷಿಗಳೇ ಡೇಟಾದಲ್ಲಿ ಇಲ್ಲ! ಅದಕ್ಕೇ ಒಂದು ತಿಂಗಳು ಏನನ್ನೂ ಅಳಿಸದೆ ಇಟ್ಟುಕೊ ಅಂದೆ. ಅಷ್ಟರೊಳಗೆ ಅವನ ಹತ್ತು ತಿಂಗಳ ಮಗಳು ಸೋಫಾ ಹಿಡಿದು ನಿಲ್ಲೋಕೆ ಶುರು ಮಾಡಿದ್ದಳು. ಕೆಟ್ಟ ಫೋಟೊಗಳನ್ನು ನೋಡಿದರೆ ಬಹುತೇಕ ಎಲ್ಲವೂ ಸಂಜೆ ಏಳರ ಮೇಲೆ, ಅವನು ಆಫೀಸಿಂದ ಬಂದ ಮೇಲೆ ತೆಗೆದಿದ್ದು. ಶಟರ್ 30, 40ರ ಆಸುಪಾಸು. ಅವನಿಗೆ ಬೇಕಾಗಿದ್ದು ದೂರವಲ್ಲ, ಬೆಳಕು. ಝೂಮ್ ರಿಂಗಿಗೆ ಟೇಪ್ ಅಂಟಿಸಿ ಒಂದು ವಾರ 35ರಲ್ಲೇ ತೆಗೆದು ನೋಡಿದ, ಒಗ್ಗಿತು, ತಗೊಂಡ.

ಈಚೆಗೆ ಒಂದು ವಾದ ಬರ್ತಿದೆ: ಈಗಿನ ಸೆನ್ಸರ್‌ಗಳು, ಎಐ ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗಳು ಇರುವಾಗ ಐಎಸ್‌ಒ 6400, 12800 ಆದರೂ ಏನಂತೆ, ಪ್ರೈಮ್ ಯಾಕೆ? ಇದರಲ್ಲಿ ಹುರುಳಿದೆ. ಮೊದಲಿನಷ್ಟು ದೊಡ್ಡ ಅಂತರ ಈಗ ಇಲ್ಲ. ಹೊಸ ಕ್ಯಾಮೆರಾ ಇದ್ದು, ಮನೆಯಲ್ಲಿ ತಕ್ಕಮಟ್ಟಿಗೆ ಬೆಳಕಿದ್ದರೆ ಎಫ್ 2.8 ಝೂಮ್ ಒಂದರಲ್ಲೇ ಸಂಸಾರ ಮಾಡಬಹುದು. ನನ್ನಂಥ ಹಳೇ ಕ್ಯಾಮೆರಾದವರಿಗೆ, ಬಜೆಟ್ ಬಿಗಿ ಇರುವವರಿಗೆ ಇರುವ ಝೂಮ್ ಉಳಿಸಿಕೊಂಡು ಒಂದು ಸಣ್ಣ ಪ್ರೈಮ್ ಸೇರಿಸೋದೇ ಸರಿ. ಝೂಮ್ ಮಾರಿ ಪ್ರೈಮ್ ತರೋಕೆ ಮಾತ್ರ ಹೋಗಬೇಡಿ, ಹಳೇ 18-55ಕ್ಕೆ ಬರುವ ದುಡ್ಡು ಒಂದು ಭಾನುವಾರದ ಊಟಕ್ಕೆ ಸಾಲಬಹುದು ಅಷ್ಟೇ.

ಸೆಕೆಂಡ್ ಹ್ಯಾಂಡ್ ಪ್ರೈಮ್ ಧಾರಾಳವಾಗಿ ಸಿಗುತ್ತೆ, ಆದರೆ ಮಲೆನಾಡು-ಕರಾವಳಿ ಕಡೆಯಿಂದ ಬಂದ ಲೆನ್ಸ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಮುಟ್ಟಬೇಡಿ. ಹೊಸದಾದರೂ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಅಜ್ಜಿಯ ಹೊಸ ಅಡುಗೆಮನೆ ಆಗಿ ವರ್ಷವಾಯ್ತು. ಬಿಳಿ ಟೈಲ್ಸು, ದೊಡ್ಡ ಕಿಟಕಿ, ಮೇಲೆ ಎರಡು ಎಲ್‌ಇಡಿ ಪ್ಯಾನೆಲ್ಲು. ಕಳೆದ ಸಲ ಹೋದಾಗ ಅದೇ 18-55 ಹಾಕಿ, ಅದೇ ಐಎಸ್‌ಒ 3200ರಲ್ಲಿ ಅಳೆದು ನೋಡಿದೆ: ಆರಾಮಾಗಿ 200ನೇ ಒಂದು ಭಾಗ ಸಿಗುತ್ತೆ. ಅಜ್ಜಿ, ಅಮ್ಮ, ಅತ್ತೆ ಮೂವರೂ ಒಟ್ಟಿಗೆ ಸ್ಪಷ್ಟ. ಪ್ರೈಮ್ ಎರಡು ದಿನ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಅಜ್ಜಿಗೆ ಮಾತ್ರ ಸಮಾಧಾನ ಇಲ್ಲ. ‘ಇಷ್ಟು ಬೆಳಕು ಎಂಥಕ್ಕೆ ಮಾರಾಯ, ಅಕ್ಕಿ ಒಳಗಿನ ಕಲ್ಲು ಹೆಕ್ಕಕ್ಕಾ?’ ಅಂತ ಒಂದು ಪ್ಯಾನೆಲ್ ಆರಿಸಿಯೇ ಕಡುಬಿಗೆ ಕೂರ್ತಾರೆ.